ಕೈಬಿಟ್ಟ ಪ್ಯಾರಾ

ಶಿರಸಿ ಪೇಟೆಯ ನಡುವೆ, ಪಾತ್ರೆ ಅಂಗಡಿಯೊಂದರ ಮಾಳಿಗೆಯಲ್ಲಿ ಉಲ್ಲಾಸನ ಗ್ರಾಫಿಕ್ಸ್ ಅಂಗಡಿ ಇತ್ತು. ಮದುವೆ ಕಾರ್ಡು, ಸೊಸೈಟಿಗಳ ವಾರ್ಷಿಕ ವರದಿ, ಸನ್ಮಾನಪತ್ರ, ಫ್ಲೆಕ್ಸು ಎಲ್ಲವನ್ನೂ ಅವನು ಮಾಡಿಕೊಡುತ್ತಿದ್ದ. ಸಿದ್ದಾಪುರದ ಕಡೆಯವನು. ಗದ್ದೆ ನೋಡಿಕೊಂಡಿರು ಎಂದು ಅಪ್ಪ ಹೇಳಿದರೂ ಕೇಳದೆ ಹತ್ತನೇ ಇಯತ್ತೆ ಮುಗಿದ ಕೂಡಲೇ ಲಾರಿಗಳಿಗೆ ನಂಬರ್ ಪ್ಲೇಟ್ ಬರೆಯಲು ಹೋದವನು, ಕಂಪ್ಯೂಟರ್ ಬಂದ ಮೇಲೆ ಅದನ್ನೂ ಕಲಿತು ಪೇಟೆಯಲ್ಲಿ ನೆಲೆಯಾಗಿದ್ದ. ಕೆಲಸದಲ್ಲಿ ಚೊಕ್ಕ. ಮಾತಿನಲ್ಲಿ ಲವಲವಿಕೆ. ಒಂದೇ ಒಂದು ಊನವೆಂದರೆ ಹೊಟ್ಟೆಕಿಚ್ಚು.

ಬೇರೆ ಅಂಗಡಿಯಲ್ಲಿ ಮಾಡಿಸಿದ ಕಾರ್ಡನ್ನು ಯಾರಾದರೂ ತೋರಿಸಿದರೆ ಅವನ ಕಣ್ಣು ಮೊದಲು ಹುಡುಕುತ್ತಿದ್ದದ್ದು ತಪ್ಪನ್ನು. "ಬಾರ್ಡರ್ ದಪ್ಪಾತು ಅಲ್ದಾ?" ಎನ್ನುವನು. ಎದುರು ಓಣಿಯ ಪ್ರೆಸ್ಸಿನವರು ಹೊಸ ಯಂತ್ರ ತಂದಾಗ ಊಟಕ್ಕೆ ಹೋಗುವ ದಾರಿ ಬದಲಿಸಿದ್ದ. ಇದನ್ನೆಲ್ಲ ಅವನು ಮುಚ್ಚಿಡುತ್ತಲೂ ಇರಲಿಲ್ಲ. "ನಂಗೆ ಸ್ವಲ್ಪ ಹೊಟ್ಟೆ ಉರಿ ಜಾಸ್ತಿ ಮಾರಾಯಾ" ಎಂದು ತಾನೇ ನಗುತ್ತಿದ್ದ. ಆ ಉರಿ ಒಂದು ದಿನ ಸ್ವಂತ ಹೆಂಡತಿಯ ಮೇಲೆ ತಿರುಗುತ್ತದೆ ಎಂದು ಮಾತ್ರ ಅವನು ಎಣಿಸಿರಲಿಲ್ಲ.

ಹೆಂಡತಿ ರೋಹಿಣಿ ವಜ್ರಳ್ಳಿಯವಳು. ಬಿ.ಎಸ್ಸಿ. ಮಾಡಿ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಆ ಶಾಲೆ ಮುಚ್ಚಿಹೋದ ಮೇಲೆ ಮನೆಗೆಲಸ ಮುಗಿಸಿ ಅಂಗಡಿಗೆ ಬಂದು ಪ್ರೂಫ್ ತಿದ್ದುತ್ತಿದ್ದಳು. ಮಾತು ಕಡಿಮೆ, ಗಮನ ಜಾಸ್ತಿ.

ಒಂದು ಬೆಳಿಗ್ಗೆ ಶಂಭುಲಿಂಗಪ್ಪ ಮೆಟ್ಟಿಲು ಹತ್ತಿ ಬಂದರು. ಬನವಾಸಿ ಕಡೆಯ ವ್ಯಾಪಾರದ ಮನೆತನದವರು. ಉಮ್ಮಚಗಿಯ ಹತ್ತಿರ ಅಡಿಕೆ ಮರದಿಂದ ಉದುರುವ ಹಾಳೆಯಿಂದ ಊಟದ ತಟ್ಟೆ ಮಾಡುವ ಕಾರ್ಖಾನೆ ಹಾಕಿದ್ದರು. ಅಲ್ಲಿಯ ತಟ್ಟೆ ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು. ಈಗ ಅಲ್ಲಿಯ ಗಿರಾಕಿ ಒಂದು ಪಟ್ಟು ಹಿಡಿದಿದ್ದ: ನಿಮ್ಮ ಕಾರ್ಖಾನೆಯಿಂದ ನೆಲಕ್ಕೆ, ನೀರಿಗೆ, ಕೆಲಸದವರಿಗೆ ಏನಾಗುತ್ತಿದೆ, ಮುಂದೆ ಏನು ಮಾಡುತ್ತೀರಿ, ಎಲ್ಲವನ್ನೂ ಬರೆದು ವರ್ಷಕ್ಕೊಂದು ಪುಸ್ತಕ ತರಬೇಕು. ಅದಕ್ಕೆ ಸಸ್ಟೇನಬಿಲಿಟಿ ರಿಪೋರ್ಟ್ ಎಂದು ಹೆಸರು.

"ಒಬ್ಬಾಂವನ ಕಡೆ ಬರಸಿದ್ದೆ ನೋಡ್ರಿ," ಎಂದು ಶಂಭುಲಿಂಗಪ್ಪ ಅವನು ಮಾಡಿಕೊಟ್ಟ ಪುಸ್ತಕವನ್ನು ಮೇಜಿನ ಮೇಲೆ ಹಾಕಿದರು. "ಹಿಮದ ಗುಡ್ಡ, ಗಾಳಿ ಪಂಕಾ, ಏನೇನೋ ಚಿತ್ರ. ಅವರು ತಿರುಗಿ ಕೇಳ್ಯಾರ, ಇದರಾಗ ನಿಮ್ಮ ಫ್ಯಾಕ್ಟರಿ ಎಲ್ಲೈತಿ ಅಂತ. ಡಿಸೈನ್ ನೀವು ಮಾಡ್ರಿ ಉಲ್ಲಾಸ್. ಬರಿಯಾಕ ಯಾರರೆ ಇದ್ರ ಹೇಳ್ರಿ."

ಉಲ್ಲಾಸ ಹಿಂದೆಮುಂದೆ ನೋಡದೆ ಮೂಲೆಯಲ್ಲಿ ಪ್ರೂಫ್ ತಿದ್ದುತ್ತಿದ್ದ ಹೆಂಡತಿಯ ಕಡೆ ಕೈ ತೋರಿಸಿದ. "ಅವಳೇ ಇದಾಳಲ್ಲ. ಸೈನ್ಸು ಓದಿದಾಳೆ, ಇಂಗ್ಲಿಷೂ ಬರ್ತದೆ. ನಾ ಹೇಳಿದ ಹಾಂಗೆ ಬರೀತಾಳೆ."

ರೋಹಿಣಿ ತಲೆಯೆತ್ತಿ, "ಫ್ಯಾಕ್ಟರಿ ನೋಡದೆ ನಾ ಬರೆಯೂದಿಲ್ಲ," ಎಂದಳು. ಶಂಭುಲಿಂಗಪ್ಪ ನಕ್ಕರು. "ಬರ್ರಿ ಮೇಡಂ, ಯಾವಾಗರೆ ಬರ್ರಿ."

ಮರುವಾರದಿಂದ ಅವಳು ಸ್ಕೂಟರ್ ಏರಿ ಹೊರಟಳು. ಒಂದು ಸಲ ಹೋಗಿ ಬರುತ್ತಾಳೆ ಎಂದುಕೊಂಡಿದ್ದ ಉಲ್ಲಾಸ. ಅವಳು ಮತ್ತೆ ಮತ್ತೆ ಹೋದಳು. ಹಾಳೆ ತೊಳೆದ ನೀರು ಎಲ್ಲಿಗೆ ಹರಿಯುತ್ತದೆ ಎಂದು ಆ ಕಾಲುವೆಯ ಗುಂಟ ನಡೆದು ನೋಡಿದಳು. ತಟ್ಟೆ ಕತ್ತರಿಸಿ ಉಳಿದ ಚೂರು ಯಾರ ದನದ ಕೊಟ್ಟಿಗೆಗೆ ಹೋಗುತ್ತದೆ, ಯಾರ ಒಲೆಗೆ ಹೋಗುತ್ತದೆ ಎಂದು ವಿಚಾರಿಸಿದಳು. ಕೆಲಸದ ಹೆಂಗಸರ ಜೊತೆ ಬುತ್ತಿ ಬಿಚ್ಚಿ ಉಂಡಳು. ಅವರಲ್ಲಿ ದುರ್ಗಿ ಎಂಬಾಕೆ ಕಾದ ಅಚ್ಚಿನ ಯಂತ್ರದ ಮುಂದೆ ಕೂರುವವಳು. ಹಾಳೆ ಸರಿಮಾಡಲು ಹೋದಾಗ ಮೇಲಿನ ಅಚ್ಚು ಇಳಿದು ಅವಳ ಎಡಗೈಯ ಎರಡು ಬೆರಳು ಸುಟ್ಟಿದ್ದವು. ಗಾಯ ಮಾಗಿದರೂ ಚರ್ಮ ಹೊಳೆಹೊಳೆಯುತ್ತ ಸುಕ್ಕುಗಟ್ಟಿತ್ತು. ರೋಹಿಣಿ ಆ ಕೈಯ ಫೋಟೋ ತೆಗೆಸಿದಳು, ಅವಳ ಮಾತು ಬರೆದುಕೊಂಡಳು. ಆಮೇಲೆ ನೇರ ಶಂಭುಲಿಂಗಪ್ಪನವರ ಕೋಣೆಗೆ ಹೋಗಿ, ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಅಚ್ಚು ಇಳಿಯುವ ವ್ಯವಸ್ಥೆಯನ್ನು ಎಲ್ಲ ಯಂತ್ರಕ್ಕೂ ಹಾಕಿಸಬೇಕು, ದೀಪಾವಳಿಯೊಳಗೆ ಹಾಕಿಸುತ್ತೇವೆಂದು ವರದಿಯಲ್ಲೇ ಬರೆಯಬೇಕು ಎಂದಳು. ಅವರು ಗೊಣಗಿದರು, ಲೆಕ್ಕ ಹಾಕಿದರು, ಕಡೆಗೆ "ಬರೀರಿ" ಎಂದರು.

ಅಲ್ಲಿಂದ ಮುಂದೆ ಫೋನು ಉಲ್ಲಾಸನಿಗೆ ಬರುವುದು ನಿಂತಿತು. ಬಂದರೂ "ಮೇಡಂ ಅದಾರೇನ್ರಿ?" ಎಂಬ ಪ್ರಶ್ನೆಯೇ. ಅವನು ಫೋನು ಹೆಂಡತಿಯ ಕೈಗೆ ಕೊಟ್ಟು ಪರದೆಯ ಕಡೆ ತಿರುಗಿ ಕೂರುತ್ತಿದ್ದ. ಕಿವಿ ಮಾತ್ರ ಅತ್ತಲೇ ಇರುತ್ತಿತ್ತು. ಹೆಂಡತಿಯ ನಡತೆಯ ಮೇಲೆ ಅವನಿಗೆ ಸಂಶಯವಿರಲಿಲ್ಲ. ಸಂಶಯವಾಗಿದ್ದರೆ ಎಷ್ಟೋ ಸುಲಭವಿತ್ತು, ಜಗಳ ತೆಗೆಯಬಹುದಿತ್ತು. ಇದು ಹೊರಗೆ ಹೇಳಿಕೊಳ್ಳಲಾಗದ ಜಾತಿಯದು. ತಾನು ಕರೆತಂದ ಗಿರಾಕಿ, ತನ್ನ ಅಂಗಡಿ, ತನ್ನ ಕೆಲಸ. ಅದರೊಳಗೆ ಅವಳು ದೊಡ್ಡವಳಾಗುತ್ತಿದ್ದಳು.

ಅವಳು ಬರಹ ಮುಗಿಸಿ ಕೊಟ್ಟ ದಿನ ಉಲ್ಲಾಸ ಎಂದೂ ಮಾಡದ ಒಂದು ಕೆಲಸ ಮಾಡಿದ. ಕೂತು ಓದಿದ. ಅಕ್ಷರ, ಚಿತ್ರ ಜೋಡಿಸಿ ಪುಟ ಕಟ್ಟುವವನು ಸಾಮಾನ್ಯವಾಗಿ ಓದುವುದಿಲ್ಲ, ಅವನ ಕಣ್ಣಿಗೆ ಬರಹವೆಂದರೆ ಬಿಳಿ ಕಾಗದದ ಮೇಲಿನ ಬೂದು ಬಣ್ಣದ ಚೌಕ. ಆದರೆ ಅಂದು ತಪ್ಪು ಹುಡುಕಬೇಕೆಂದೇ ಅವನು ಓದತೊಡಗಿದ್ದ. ಕಾಲುವೆಯ ನೀರು ಹೊಳೆ ಸೇರುವ ಜಾಗದಲ್ಲಿ ಕಂದು ಬಣ್ಣ ತೆಳುವಾಗುತ್ತ ಹೋಗುವುದನ್ನು ಅವಳು ಬರೆದಿದ್ದಳು. 'ಇದನ್ನು ನಾವು ಇನ್ನೂ ಸರಿಮಾಡಿಲ್ಲ' ಎಂದು ಮುಚ್ಚುಮರೆಯಿಲ್ಲದೆ ಬರೆದಿದ್ದಳು. ದುರ್ಗಿಯ ಪ್ಯಾರಾಕ್ಕೆ ಬರುವ ಹೊತ್ತಿಗೆ ಉಲ್ಲಾಸನಿಗೆ ತಾನು ತಪ್ಪು ಹುಡುಕುವುದನ್ನು ಯಾವಾಗಲೋ ಮರೆತಿದ್ದೇನೆ ಎಂಬುದು ತಿಳಿಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿ, ಇವಳಿಗೆ ಇದು ಬರುತ್ತದೆ ಎಂದು ತನಗೇ ಗೊತ್ತಿರಲಿಲ್ಲವಲ್ಲ!

"ಹೆಂಗಿದೆ?" ರೋಹಿಣಿ ಕೇಳಿದಳು.

"ಉದ್ದ ಆತು," ಎಂದ ಉಲ್ಲಾಸ.

ಮುಖಪುಟಕ್ಕೆ ಅವನು ಜೀವ ತೇಯ್ದು ಒಂದು ಚಿತ್ರ ಮಾಡಿದ್ದ: ಬೊಗಸೆಯಲ್ಲಿ ಭೂಮಿ, ಭೂಮಿಯ ಮೇಲೊಂದು ಎಳೆ ಸಸಿ, ಸುತ್ತ ಹಸಿರು. ಅದನ್ನು ತೋರಿಸಲು ಇಬ್ಬರೂ ಕಾರ್ಖಾನೆಗೆ ಹೋದರು. ಶಂಭುಲಿಂಗಪ್ಪ ಚಿತ್ರ ನೋಡಿ, "ಚಲೋ ಐತಿ," ಎಂದು ರೋಹಿಣಿಯ ಕಡೆ ತಿರುಗಿದರು. "ನೀವೇನಂತೀರಿ ಮೇಡಂ?"

ಅವಳು ಮೆಲ್ಲಗೆ, "ಚಂದ ಇದೆ. ಆದ್ರೆ ಇದು ಯಾವ ಕಂಪನಿಗಾದ್ರೂ ಆಗ್ತದೆ. ನಮ್ಮದು ಹಾಳೆ. ಹಾಳೆಯ ಬಣ್ಣವೇ ಹಾಕಬಹುದೇನ," ಎಂದಳು.

"ಅದೂ ಖರೇನ ಬಿಡ್ರಿ," ಎಂದರು ಅವರು. "ಉಲ್ಲಾಸ್, ಮೇಡಂ ಹೇಳಿಧಂಗ ಮಾಡ್ರಿ."

ಮೇಡಂ ಹೇಳಿದ ಹಾಗೆ! ಶಿರಸಿಗೆ ಮರಳುವ ದಾರಿಯುದ್ದಕ್ಕೂ ಆ ಮಾತು ಅವನ ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಹಿಂದೆ ಕೂತಿದ್ದ ರೋಹಿಣಿ, "ಬೇಜಾರಾತಾ?" ಎಂದು ಕೇಳಿದಳು. "ಎಂತಕ್ಕೆ ಬೇಜಾರು?" ಎಂದ ಅವನು, ಸ್ಕೂಟರಿನ ವೇಗ ಹೆಚ್ಚಿಸಿದ.

ವರದಿ ಎರಡು ಭಾಷೆಯಲ್ಲಿ ಆಗಬೇಕಿತ್ತು. ಗಿರಾಕಿಗೆ ಇಂಗ್ಲಿಷಿನದು, ಕೆಲಸದವರಿಗೂ ಹಾಳೆ ಕೊಡುವ ರೈತರಿಗೂ ಕನ್ನಡದ್ದು. ಇಂಗ್ಲಿಷಿನ ಪುಟಗಳನ್ನು ಶಂಭುಲಿಂಗಪ್ಪ ಒಂದೊಂದಾಗಿ ನೋಡಿ ಸಹಿ ಹಾಕಿದರು. "ಕನ್ನಡದ್ದು ನೀವು ಗಂಡ ಹೆಂಡ್ತಿ ನೋಡ್ಕೊಳ್ರಿ," ಎಂದು ಬಿಟ್ಟರು. ಅಷ್ಟರಲ್ಲಿ ರೋಹಿಣಿ ಅಣ್ಣನ ಮಗುವಿನ ನಾಮಕರಣಕ್ಕೆ ವಜ್ರಳ್ಳಿಗೆ ಹೋಗಬೇಕಾಯಿತು. "ಕಡೇ ಪ್ರೂಫ್ ಒಂದ್ಸಲ ನೋಡ್ತಿದ್ದೆ," ಎಂದಳು. "ಇನ್ನೆಂತ ಇದೆ ನೋಡೂಕೆ? ಪುಟಸಂಖ್ಯೆ ಹಾಕೂದು ಅಷ್ಟೇ. ಹೋಗಿ ಬಾ," ಎಂದು ಉಲ್ಲಾಸ ಅವಳನ್ನು ಬಸ್ಸು ಹತ್ತಿಸಿದ.

ಅಂಗಡಿಯಲ್ಲಿ ಒಬ್ಬನೇ ಕೂತು ಅವನು ಆ ಪುಸ್ತಕದ ಮೇಲೆ ಕೈ ಆಡಿಸತೊಡಗಿದ. ಮೊದಲು ಬರಹದ ಅಕ್ಷರವನ್ನು ಒಂದಿಷ್ಟು ಸಣ್ಣ ಮಾಡಿದ. ಚಿತ್ರಗಳು ದೊಡ್ಡವಾದವು. ಪುಟ ಉಸಿರಾಡಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನೀರಿನ ಪುಟದ ಮಾತುಗಳನ್ನು ತೆಳು ಬೂದು ಬಣ್ಣಕ್ಕೆ ತಿರುಗಿಸಿ ಹಾಳೆ ಬಣ್ಣದ ಹಿನ್ನೆಲೆಯ ಮೇಲೆ ಕೂರಿಸಿದ. ನೋಡಲು ಸೊಗಸಾಗಿತ್ತು, ಓದಲು ಕಣ್ಣು ಕಿರಿದು ಮಾಡಬೇಕಿತ್ತು. ದುರ್ಗಿಯ ಪುಟಕ್ಕೆ ಬಂದಾಗ ಅವನ ಕೈ ನಿಂತಿತು. ಇಡೀ ಪುಸ್ತಕದಲ್ಲಿ ಜನ ನೆನಪಿಡುವ ಪುಟ ಇದು. ಇದನ್ನೋದಿದವರು ಯಾರು ಬರೆದದ್ದು ಎಂದು ಕೇಳುತ್ತಾರೆ. ಯಾರು ಪುಟ ಕಟ್ಟಿದ್ದು ಎಂದು ಕೇಳುವುದಿಲ್ಲ.

ದುರ್ಗಿಯ ಮಾತು, ಎರಡು ಗುಂಡಿಯ ವಾಗ್ದಾನ ಎರಡೂ ಇದ್ದ ಆ ಪ್ಯಾರಾವನ್ನು ಅವನು ಆರಿಸಿದ, ಅಳಿಸಿದ. ಖಾಲಿಯಾದ ಜಾಗಕ್ಕೆ ಹಾಳೆಯ ಆಕಾರದ ಒಂದು ಅಲಂಕಾರ ತಂದು ಕೂರಿಸಿದ. ಮಾತಿಲ್ಲದೆ ಫೋಟೋದ ಆ ಸುಟ್ಟ ಕೈ ಒಂಟಿಯಾಗಿ ಕಂಡಿತು, ಯಾಕೆ ಇಲ್ಲಿದೆ ಎಂದು ಯಾರಾದರೂ ಕೇಳುವಂತಿತ್ತು. ಅದಕ್ಕೆ ಫೋಟೋ ತೆರೆದು ಬೆರಳ ಮೇಲಿನ ಸುಕ್ಕನ್ನು ಒರೆಸಿ ನಯ ಮಾಡಿದ. ಮದುಮಕ್ಕಳ ಮುಖದ ಮೊಡವೆ ಒರೆಸಿ ಪಳಗಿದ ಕೈ, ಕೆಲಸ ಬೇಗ ಮುಗಿಯಿತು. ಫೈಲನ್ನು ಹುಬ್ಬಳ್ಳಿಯ ಪ್ರೆಸ್ಸಿಗೆ ಕಳಿಸಿ ಅವನು ಕೆಳಗಿಳಿದು ಚಾ ಕುಡಿದ.

ಪುಸ್ತಕ ಬಂತು. ಕಾರ್ಖಾನೆಯ ಅಂಗಳದಲ್ಲಿ ಕುರ್ಚಿ ಹಾಕಿ, ಕೆಲಸದವರನ್ನೂ ರೈತರನ್ನೂ ಸೇರಿಸಿ ಹಂಚಿದರು. ರೋಹಿಣಿಗೆ ಶಾಲು ಹೊದಿಸಿದರು. ಉಲ್ಲಾಸನಿಗೂ ಹೊದಿಸಿದರು, ಎರಡನೆಯದಾಗಿ. ಅವನು ಅದನ್ನೂ ಗಮನಿಸಿದ.

ಅವಲಕ್ಕಿ, ಚಾ ನಡೆಯುತ್ತಿದ್ದಾಗ ದುರ್ಗಿ ಪುಸ್ತಕ ಹಿಡಿದು ರೋಹಿಣಿಯ ಹತ್ತಿರ ಬಂದಳು. ಪುಸ್ತಕದಲ್ಲಿ ತನ್ನ ಸುದ್ದಿ ಬರುತ್ತದೆ ಎಂದು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದವಳು. ಜೊತೆಗೆ ಇನ್ನಿಬ್ಬರು ಹೆಂಗಸರಿದ್ದರು.

"ರೋಹಿಣಕ್ಕ, ಇದು ನನ್ನ ಕೈಯಾ?"

ರೋಹಿಣಿ ಪುಟ ನೋಡಿದಳು.

"ಬಳೆ ನಂದೇ," ಎಂದಳು ದುರ್ಗಿ, ತನ್ನ ಎಡಗೈಯನ್ನು ಪುಟದ ಪಕ್ಕ ಇಟ್ಟು. "ಕೈ ನಂದಲ್ಲ. ನಾ ಹೇಳಿದ ಮಾತೂ ಇಲ್ಲ."

ರೋಹಿಣಿ ಏನಾದರೂ ಹೇಳುವ ಮೊದಲೇ ಜೊತೆಯ ಹೆಂಗಸು ಶಂಭುಲಿಂಗಪ್ಪನವರನ್ನು ಕರೆದು, ಎರಡು ಗುಂಡಿ ಯಾವಾಗ ಹಾಕಿಸುತ್ತೀರಿ ಎಂದು ಕೇಳಿದಳು. ಅವರು ಕನ್ನಡದ ಪುಸ್ತಕ ತಿರುವಿ ಹಾಕಿದರು. ಅವರ ಮುಖದಲ್ಲಿ ಆಶ್ಚರ್ಯದ ಹಿಂದೆಯೇ ಒಂದು ನಿರಾಳ ಭಾವ ಮೂಡಿತು. "ಇದರಾಗ ಇಲ್ಲಲ್ಲವಾ. ನೀವ ತಗದ್ರೇನ್ರಿ ಮೇಡಂ? ಇರ್ಲಿ ಬಿಡ್ರಿ, ನಿಧಾನಕ್ಕ ನೋಡೂಣಂತ."

ಉಲ್ಲಾಸ ಚಾದ ಲೋಟ ಹಿಡಿದು ಕಂಬದ ಹತ್ತಿರ ನಿಂತಿದ್ದ. ರೋಹಿಣಿ ಅವನ ಕಡೆ ಒಂದೇ ಸಲ ನೋಡಿದಳು. ಅವನಿಗೆ ಲೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಶಿರಸಿ ತಲುಪಿದ ಮೇಲೆ ರೋಹಿಣಿ ಮನೆಗೆ ಹೋಗದೆ ಅಂಗಡಿಯ ಮೆಟ್ಟಿಲು ಹತ್ತಿ, ಅವನ ಕುರ್ಚಿಯಲ್ಲಿ ಕೂತು ಆ ಫೈಲು ತೆರೆದಳು.

"ಜಾಗ ಸಾಲಲಿಲ್ಲ," ಎಂದ ಉಲ್ಲಾಸ, ಅವಳು ಕೇಳುವ ಮೊದಲೇ.

ಅವಳು ಪರದೆಯ ಮೇಲಿನ ಅಲಂಕಾರವನ್ನು ಹಿಡಿದು ಪಕ್ಕಕ್ಕೆ ಎಳೆದಳು. ಅಲ್ಲಿ ಬೇಕಾದಷ್ಟು ಜಾಗವಿತ್ತು. "ಹೂಂ?" ಎಂದಳು.

ಅವನು ಮೇಜಿನ ಮೇಲಿನ ಪ್ರೂಫುಗಳನ್ನು ಜೋಡಿಸತೊಡಗಿದ.

"ನಾ ಎಂತ ತಪ್ಪು ಮಾಡಿದ್ದೆ ಅಂತ ಹೇಳಿ. ಮುಖಪುಟದ್ದಾ?"

"ಅದಲ್ಲ," ಎಂದ ಅವನು. "ಅದೂ ಹೌದು. ಎಲ್ಲರೂ ನಿನ್ನೇ ಕೇಳ್ತಾ ಇದ್ರು. ಆ ಪುಟ ಓದಿ ನಂಗೆ ಹೊಟ್ಟೆ ಉರೀತು. ಅಷ್ಟೇ. ಬೇರೆ ಎಂತದೂ ಇಲ್ಲ."

ರೋಹಿಣಿ ಪರದೆ ಬಿಟ್ಟು ಅವನ ಕಡೆ ತಿರುಗಿದಳು. ಬೈಯುತ್ತಾಳೆ ಅಥವಾ ಅಳುತ್ತಾಳೆ ಎಂದು ಅವನು ಕಾದ. ಅವಳು ಎರಡೂ ಮಾಡಲಿಲ್ಲ.

"ನಿಮ್ಮ ಕಾರ್ಡಿನ ಒಕ್ಕಣೆ ಯಾರು ಬರೀತಿದ್ರು?" ಎಂದಳು. "ಸೊಸೈಟಿ ವರದಿಯ ಮುನ್ನುಡಿ? ಸನ್ಮಾನಪತ್ರ? ಜನ ಓದಿ ಕಣ್ಣೊರೆಸಿಕೊಂಡು, ಉಲ್ಲಾಸಣ್ಣ ಎಂಥಾ ಚಂದ ಮಾಡಿದಾನೆ ಅಂತಿದ್ರು. ನೀವು ಹಲ್ಲು ಬಿಟ್ಕೊಂಡು ನಿಲ್ತಿದ್ರಿ. ಆಗ ನಂಗೂ ಹೊಟ್ಟೆ ಉರೀತಿತ್ತು. ಆದ್ರೆ ಒಂದು ದಿನವಾದ್ರೂ ನಾ ಬೇಕಂತ ತಪ್ಪು ಬರೆದು ಕೊಟ್ಟಿದ್ನಾ?"

ಒಕ್ಕಣೆ ಅವಳದೆಂದು ಉಲ್ಲಾಸನಿಗೆ ಗೊತ್ತಿರಲಿಲ್ಲವೆಂದಲ್ಲ. ನೀರು ತುಂಬಿಟ್ಟಿದ್ದು, ಅಂಗಿ ಒಗೆದಿಟ್ಟಿದ್ದು ಹೇಗೋ ಹಾಗೆ ಅದೂ ಅಲ್ಲಿಯೇ ಇರುವುದು ಎಂದುಕೊಂಡಿದ್ದ.

"ನನ್ನ ಹತ್ರ ಹೇಳಿದ್ದು ಸಾಕು," ಎಂದು ರೋಹಿಣಿ ಎದ್ದಳು. "ಅಚ್ಚು ಇಳಿಯೂದು ನನ್ನ ಕೈ ಮೇಲಲ್ಲ. ಹೇಳಬೇಕಾದಲ್ಲಿ ಹೋಗಿ ಹೇಳಿ."

ಮರುದಿನ ಅವನು ಒಬ್ಬನೇ ಉಮ್ಮಚಗಿಗೆ ಹೋದ. ಶಂಭುಲಿಂಗಪ್ಪ "ಬರ್ರಿ, ಕುಂದರ್ರಿ" ಎಂದರು. ಅವನು ಕೂರದೆ, ಪ್ಯಾರಾ ತೆಗೆದದ್ದು ತಾನು, ಫೋಟೋ ಒರೆಸಿದ್ದೂ ತಾನು, ರೋಹಿಣಿಗೆ ಇದು ಗೊತ್ತೇ ಇರಲಿಲ್ಲ ಎಂದ. ಯಾಕೆ ಎಂದು ಅವರು ಕೇಳಿದರು. ಅವನು ಅದನ್ನೂ ಹೇಳಿದ.

ಶಂಭುಲಿಂಗಪ್ಪನವರಿಗೆ ಸಿಟ್ಟು ಬಂತೋ ನಗು ಬಂತೋ ಹೇಳುವುದು ಕಷ್ಟ. "ಏನ್ರಿ ನೀವು! ನಾ ಅಂತೂ ಪಾರಾದೆ ಅಂತ ನಿನ್ನೆ ಆರಾಮ ನಿದ್ದಿ ಮಾಡೇನಿ," ಎಂದರು. ಆಮೇಲೆ ಕಿಟಕಿಯಿಂದ ಯಂತ್ರಗಳ ಕಡೆ ನೋಡುತ್ತ ಕೂತರು. "ಇಂಗ್ಲಿಷ್ ಬುಕ್ಕಿನ್ಯಾಗ ಐತಿ. ಅಲ್ಲಿಯವರಿಗೆ ಒಂದು ಮಾತು, ಇಲ್ಲಿಯವರಿಗೆ ಒಂದು ಮಾತು ಅಂದ್ರ ನಾ ಎಂಥಾ ಮನಷ್ಯಾ ಆದೆ? ಆ ಪುಟ ಹೊಸದಾಗಿ ಹಾಕಿಸ್ರಿ."

ಅವನು ಬಾಗಿಲ ತನಕ ಹೋದಾಗ ಹಿಂದಿನಿಂದ, "ಮುಂದಿನ ವರ್ಷದ್ದು ಮೇಡಂ ಬರೀತಾರ. ಡಿಸೈನ್ ಬ್ಯಾರೆದವರು ಮಾಡ್ತಾರ. ತಪ್ಪು ತಿಳ್ಕೋಬ್ಯಾಡ್ರಿ," ಎಂಬ ಮಾತು ಬಂತು.

ಆ ಪುಟಗಳನ್ನು ಮತ್ತೆ ಅಚ್ಚು ಮಾಡಿಸಿ, ಹಳೆಯದನ್ನು ಬಿಚ್ಚಿ ಹೊಸದನ್ನು ಸೇರಿಸಿದ ಪುಸ್ತಕಗಳನ್ನು ಉಲ್ಲಾಸನೇ ಹೊತ್ತುಕೊಂಡು ಹೋಗಿ ಹಂಚಿದ. ದುರ್ಗಿ ತನ್ನ ಪುಟವನ್ನು ಅಕ್ಷರಕ್ಕೆ ಬೆರಳಿಟ್ಟು ಓದುತ್ತ ಅವನನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡಳು. ಓದಿ ಮುಗಿಸಿ, ಪುಸ್ತಕ ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಗುಂಡಿಗಳು ದೀಪಾವಳಿಯೊಳಗೆ ಅರ್ಧ ಯಂತ್ರಗಳಿಗೆ ಬಂದವು, ಉಳಿದವಕ್ಕೆ ಸಂಕ್ರಾಂತಿಯ ನಂತರ.

ಗಂಡ ಹೆಂಡಿರ ನಡುವೆ ಕೆಲವು ತಿಂಗಳು ಬಿಗಿ ಇತ್ತು. ರೋಹಿಣಿ ಅಂಗಡಿಗೆ ಬರುವುದನ್ನು ನಿಲ್ಲಿಸಿದಳು. ಸಿದ್ದಾಪುರದ ಮುರುಗಲು ಹಣ್ಣಿನ ಶರಬತ್ತಿನ ಘಟಕವೊಂದು ಅವಳಿಂದ ವರದಿ ಬರೆಸಿಕೊಂಡಿತು, ಯಲ್ಲಾಪುರದ ಜೇನು ಸಂಘವೂ ಕೇಳಿತು. ಉಲ್ಲಾಸ ಕಾರ್ಡಿನ ಒಕ್ಕಣೆಯನ್ನು ತಾನೇ ಬರೆಯಲು ಹೋಗಿ ಸೋತ. ಒಬ್ಬ ಗಿರಾಕಿ, "ಮೊದಲಿನ ಹಾಂಗೆ ಇಲ್ವಲ್ಲ" ಎಂದಾಗ, "ಅದು ಬರೀತಿದ್ದವಳು ನನ್ನ ಹೆಂಡತಿ" ಎಂದು ಹೇಳಿ ಅವಳ ನಂಬರು ಕೊಟ್ಟ. ಹಾಗೆ ಹೇಳುವುದು ಅವನಿಗೆ ಸುಲಭವಾಗಿರಲಿಲ್ಲ. ಆ ಸುದ್ದಿ ಗಿರಾಕಿಯಿಂದಲೇ ರೋಹಿಣಿಗೆ ತಲುಪಿತು. ಅಂದು ಮಧ್ಯಾಹ್ನ ಅವಳು ಅಂಗಡಿಗೆ ಬುತ್ತಿ ತಂದಳು.

ಕಾರ್ಖಾನೆಯ ಮರುವರ್ಷದ ವರದಿ ಅಚ್ಚಾಗಿ ಬಂದಾಗ ಅವಳು ಒಂದು ಪ್ರತಿಯನ್ನು ಅವನ ಮೇಜಿನ ಮೇಲಿಟ್ಟಳು. ಪುಟ ಕಟ್ಟಿದವಳು ಹುಬ್ಬಳ್ಳಿಯ ಮಹೇಶ್ವರಿ ಎಂಬ ಹುಡುಗಿ. ಉಲ್ಲಾಸ ತಪ್ಪು ಹುಡುಕಲು ಕೂತ. ನೀರಿನ ಲೆಕ್ಕವನ್ನು ಕಾಲುವೆಯಂತೆ ಪುಟದಿಂದ ಪುಟಕ್ಕೆ ಹರಿಸಿದ್ದಳು, ಹರಿದಷ್ಟೂ ಕಂದು ಬಣ್ಣ ತಿಳಿಯಾಗುತ್ತ ಹೋಗುತ್ತಿತ್ತು. ತನಗೆ ಇದು ಹೊಳೆದಿರಲಿಲ್ಲ. ಹೊಟ್ಟೆಯೊಳಗಿನ ಹಳೆಯ ಬೆಂಕಿ ಎದ್ದು ಕೂತಿತು.

"ಒತ್ತಕ್ಷರ ಎಲ್ಲ ಕೆಳಗಿನ ಸಾಲಿಗೆ ತಾಗ್ತಾ ಇದೆ," ಎಂದ ಅವನು, ಗೆದ್ದವನ ಹಾಗೆ. ಆಮೇಲೆ ಪುಸ್ತಕ ಮುಚ್ಚಿ, "ಆ ಹುಡುಗಿ ನಂಬರ್ ಇದೆಯಾ?" ಎಂದ.

ರೋಹಿಣಿ ಅನುಮಾನದಿಂದ ನೋಡಿದಳು. "ಎಂತಕ್ಕೆ?"

"ಬಯ್ಯೂಕಲ್ಲ ಮಾರಾಯ್ತಿ. ಆ ನೀರು ಹೆಂಗೆ ಮಾಡಿದ್ದು ಅಂತ ಕೇಳ್ತೆ."

ಅವಳು ನಂಬರು ಕೊಟ್ಟಳು. ಅವನು ಫೋನು ಹಚ್ಚಿದ. ಆಚೆಯಿಂದ "ಹೇಳ್ರಿ ಸರ್" ಎಂಬ ಎಳೆಯ ದನಿ ಬಂದಾಗ ತನ್ನ ಹೆಸರು ಹೇಳಿ, ಮೊದಲು ಒತ್ತಕ್ಷರದ ತಪ್ಪನ್ನೇ ಎತ್ತಿದ. ಅಷ್ಟನ್ನು ಬಿಡಲು ಅವನಿಂದ ಆಗಲಿಲ್ಲ. ಹುಡುಗಿ ಮುನಿಯಲಿಲ್ಲ. "ಅಯ್ಯೋ ಹೌದ್ರಿ ಸರ್, ಅದು ನನಗ ಬಗೀಹರಿಯಂಗಿಲ್ಲ. ನೀವು ಹೆಂಗ ಮಾಡ್ತೀರಿ ಹೇಳ್ರಿ," ಎಂದಳು.

ಉಲ್ಲಾಸ ಕುರ್ಚಿ ಎಳೆದುಕೊಂಡು ಕೂತು ಹೇಳತೊಡಗಿದ.